ಸಂದಿನಲ್ಲಿ ಏನಿದೆ?

ಗುಂಡ್ಲುಪೇಟೆಯಲ್ಲಿರುವ ನಮ್ಮ ಖಾಲಾ ಒಬ್ಬರಿಗೆ ಎರಡು ವರ್ಷಗಳಿಂದ ಮೊಣಕಾಲು ನೋವು. ಎಣ್ಣೆ ತಿಕ್ಕಿದ್ದಾಯಿತು, ಶಾಖ ಕೊಟ್ಟದ್ದಾಯಿತು, ಔಷಧದಂಗಡಿಯ ಮಾತ್ರೆಗಳೂ ಮುಗಿದವು. ಕೊನೆಗೆ ಅವರನ್ನು ಮೈಸೂರಿಗೆ ಕರೆದುಕೊಂಡು ಹೋದೆವು. ಡಾಕ್ಟರು ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದು, ತೊಡೆಯ ಮೂಳೆಗೂ ಅದರ ಕೆಳಗಿನ ಮೂಳೆಗೂ ನಡುವೆ ಬೆರಳಿಟ್ಟು ಹೇಳಿದರು: “ನೋಡಿ ಅಮ್ಮಾ, ಇಲ್ಲಿ ಸಂದು ಇರಬೇಕು. ನಿಮಗೆ ಒಳಬದಿಯಲ್ಲಿ ಸಂದೇ ಉಳಿದಿಲ್ಲ.” ಖಾಲಾ ಒಂದು ಕ್ಷಣ ಯೋಚಿಸಿ ಕೇಳಿದರು: “ಸಂದು ಹೋದ್ರೆ ಒಳ್ಳೇದೇ ಅಲ್ವಾ ಡಾಕ್ಟ್ರೇ? ಮೂಳೆಗೆ ಮೂಳೆ ಸೇರ್ಕಂಡ್ರೆ ಇನ್ನೂ ಗಟ್ಟಿ ಅಲ್ವಾ?”

ಡಾಕ್ಟರು ನಕ್ಕರು, ನಾವೂ ನಕ್ಕೆವು. ಆದರೆ ಬಸ್ಸು ನಂಜನಗೂಡು ದಾಟಿದ ಮೇಲೂ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಖಾಲಾ ಕೇಳಿದ್ದು ಪೆದ್ದು ಪ್ರಶ್ನೆಯಲ್ಲ. ಚಿಕ್ಕಂದಿನಿಂದ ನಾವೆಲ್ಲ ಕಲಿತದ್ದು ಹಾಗೆಯೇ ಅಲ್ಲವೇ? ಅಂತರ ಕೆಟ್ಟದ್ದು, ಸೇರುವುದು ಒಳ್ಳೆಯದು. ಸಂಬಂಧದಲ್ಲಿ ಬಿರುಕು ಬಿಟ್ಟರೆ ದುಃಖ, ಒಂದಾದರೆ ಸಂತೋಷ. ಹಾಗಿರುವಾಗ ಎರಡು ಮೂಳೆಗಳ ನಡುವಿನ ಜಾಗ ಮುಚ್ಚಿಹೋದರೆ ಮನುಷ್ಯ ನಡೆಯಲಾರದೆ ಹೋಗುವುದೇಕೆ?

ವೈದ್ಯಶಾಸ್ತ್ರದ ಉತ್ತರ ಸರಳವಾಗಿದೆ. ಎಕ್ಸ್‌ರೇಯಲ್ಲಿ ಕಪ್ಪಾಗಿ ಕಾಣುವ ಆ ಕೆಲವೇ ಮಿಲಿಮೀಟರುಗಳ ಜಾಗ ನಿಜವಾಗಿ ಖಾಲಿಯಲ್ಲ. ಅಲ್ಲಿ ಮೃದ್ವಸ್ಥಿಯ ಎರಡು ಪದರಗಳಿವೆ, ನಡುವೆ ಕೀಲಿನ ದ್ರವದ ತೆಳು ಲೇಪವಿದೆ. ಮೂಳೆಯಂತೆ ಅವು ಎಕ್ಸ್‌ರೇ ಕಿರಣಗಳನ್ನು ತಡೆಯುವುದಿಲ್ಲ, ಆದ್ದರಿಂದ ಚಿತ್ರದಲ್ಲಿ ಕಾಣುವುದಿಲ್ಲ. ನಮ್ಮ ಕಣ್ಣಿಗೆ ‘ಏನೂ ಇಲ್ಲ’ ಎಂದು ತೋರುವ ಜಾಗವೇ ಇಡೀ ದೇಹದ ಭಾರವನ್ನು ಹೊತ್ತಿರುತ್ತದೆ. ಅದು ಸವೆದಾಗ ಮೂಳೆ ಮೂಳೆಯನ್ನು ಉಜ್ಜುತ್ತದೆ. ಎರಡೂ ಹತ್ತಿರವಾದವು, ನಿಜ. ಆದರೆ ಆ ಹತ್ತಿರ ಬರೀ ಘರ್ಷಣೆ.

ಇಲ್ಲಿ ಕನ್ನಡದ ಒಂದು ಮಾತನ್ನು ಗಮನಿಸಬೇಕು. ಡಾಕ್ಟರು ‘ಸಂದು’ ಎಂದರು. ಈ ಪದಕ್ಕೆ ನಮ್ಮಲ್ಲಿ ಎರಡು ಅರ್ಥ. ಎರಡು ವಸ್ತುಗಳ ನಡುವಿನ ಬಿಡುವು ಒಂದು ಅರ್ಥ. ಎರಡು ವಸ್ತುಗಳು ಕೂಡುವ ಕೀಲು ಇನ್ನೊಂದು. ಎರಡು ಮನೆಗಳ ನಡುವಿನ ಇಕ್ಕಟ್ಟು ಜಾಗವನ್ನು ಸಂದಿ ಎನ್ನುತ್ತೇವೆ. ಕೀಲುನೋವಿಗೆ ಸಂಧಿವಾತ ಎನ್ನುತ್ತೇವೆ. ವ್ಯಾಕರಣದಲ್ಲಿ ಅಕ್ಷರಗಳು ಕೂಡಿದರೆ ಅದೂ ಸಂಧಿ. ಯುದ್ಧ ನಿಂತು ಎರಡು ಕಡೆಯವರು ಒಪ್ಪಂದ ಮಾಡಿಕೊಂಡರೆ ಅದೂ ಸಂಧಿಯೇ. 1792ರ ಶ್ರೀರಂಗಪಟ್ಟಣದ ಸಂಧಿಯನ್ನು ನಾವು ಶಾಲೆಯಲ್ಲಿ ಓದಿದ್ದೇವೆ. ಹಗಲಿಗೂ ರಾತ್ರಿಗೂ ನಡುವಿನ ಹೊತ್ತು ಸಂಧ್ಯೆ. ಬಿಡುವಿಗೂ ಕೂಡಿಕೆಗೂ ಒಂದೇ ಮೂಲದ ಪದವನ್ನು ಬಳಸಿದ ನಮ್ಮ ಹಿಂದಿನವರು ತಿಳಿಯದೆ ಹಾಗೆ ಮಾಡಿರಲಾರರು. ಕೂಡಬೇಕಾದರೆ ನಡುವೆ ಜಾಗವಿರಬೇಕು ಎಂಬುದು ಆ ಪದದೊಳಗೇ ಕುಳಿತಿದೆ.

ಮೊಣಕಾಲಿನಿಂದ ಮಿದುಳಿಗೆ ಬರೋಣ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ವಿಜ್ಞಾನಿಗಳ ನಡುವೆ ಒಂದು ದೊಡ್ಡ ಜಗಳ ನಡೆಯಿತು. ಇಟಲಿಯ ಕಮಿಲ್ಲೊ ಗೊಲ್ಜಿ ಎಂಬವರು ನರಗಳೆಲ್ಲ ಒಂದಕ್ಕೊಂದು ಬೆಸೆದುಕೊಂಡ ಒಂದೇ ಬಲೆ ಎಂದರು. ಸ್ಪೇನಿನ ಸ್ಯಾಂಟಿಯಾಗೊ ರಮೋನ್ ಇ ಕಹಾಲ್ ಎಂಬವರು, ಗೊಲ್ಜಿ ಕಂಡುಹಿಡಿದ ಬಣ್ಣ ಹಾಕುವ ವಿಧಾನವನ್ನೇ ಬಳಸಿ, ಇಲ್ಲ, ಪ್ರತಿಯೊಂದು ನರಕೋಶವೂ ಬೇರೆ ಬೇರೆ, ಅವು ಒಂದನ್ನೊಂದು ಸಮೀಪಿಸುತ್ತವೆಯೇ ಹೊರತು ಬೆಸೆದುಕೊಳ್ಳುವುದಿಲ್ಲ ಎಂದರು. 1906ರಲ್ಲಿ ಇಬ್ಬರಿಗೂ ಸೇರಿಸಿ ನೊಬೆಲ್ ಬಹುಮಾನ ಕೊಟ್ಟರು. ವೇದಿಕೆಯ ಮೇಲೂ ಇಬ್ಬರೂ ತಮ್ಮ ತಮ್ಮ ವಾದವನ್ನೇ ಮಂಡಿಸಿದರು! 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಕಹಾಲರ ಕಡೆಗೆ ತೀರ್ಪು ಕೊಟ್ಟಿತು. ಬಹುಪಾಲು ನರಕೋಶಗಳ ನಡುವೆ ಸುಮಾರು 20 ನ್ಯಾನೊಮೀಟರಿನ ಸಂದು ಇದೆ. ಅಂದರೆ ಒಂದು ಮಿಲಿಮೀಟರಿನ ಐವತ್ತು ಸಾವಿರದಲ್ಲೊಂದು ಪಾಲು. ಒಂದು ನರದ ತುದಿಯಿಂದ ಹೊರಟ ರಾಸಾಯನಿಕ ಆ ಸಂದನ್ನು ದಾಟಿ ಇನ್ನೊಂದು ನರವನ್ನು ಮುಟ್ಟುತ್ತದೆ. ನಮ್ಮ ಯೋಚನೆ, ನೆನಪು, ಪ್ರೀತಿ, ಕೋಪ ಎಲ್ಲಕ್ಕೂ ಈ ದಾಟುವಿಕೆ ಬೇಕು.

ಈ ಸಂದಿಗೆ ಇನ್ನೊಂದು ನಿಯಮವಿದೆ. ದಾಟಿದ ಸುದ್ದಿ ಅಲ್ಲಿಯೇ ಉಳಿಯಬಾರದು. ನರದಿಂದ ಸ್ನಾಯುವಿಗೆ ಸುದ್ದಿ ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ತನ್ನ ಕೆಲಸ ಮುಗಿಸಿದೊಡನೆ ಒಂದು ಕಿಣ್ವ ಅದನ್ನು ಒಡೆದು ಜಾಗ ತೆರವು ಮಾಡುತ್ತದೆ. ನಮ್ಮ ಜಿಲ್ಲೆಯ ರೈತರು ಹೊಲಕ್ಕೆ ಹೊಡೆಯುವ ಕೀಟನಾಶಕಗಳಲ್ಲಿ ಆರ್ಗನೋಫಾಸ್ಫೇಟ್ ಎಂಬ ಜಾತಿಯವು ಮಾಡುವ ಅನಾಹುತ ಇಲ್ಲಿಯೇ. ಅವು ಆ ಕಿಣ್ವವನ್ನು ಕಟ್ಟಿಹಾಕುತ್ತವೆ. ಸಂದು ತೆರವಾಗುವುದಿಲ್ಲ. ಹೇಳಿದ ಮಾತೇ ಮತ್ತೆ ಮತ್ತೆ ಕೂಗುತ್ತಲೇ ಇರುತ್ತದೆ. ಸ್ನಾಯು ಅದುರುತ್ತದೆ, ಬಾಯಲ್ಲಿ ಜೊಲ್ಲು ಸುರಿಯುತ್ತದೆ, ಉಸಿರಾಟದ ಸ್ನಾಯುಗಳು ಸೋತು ಕೊನೆಗೆ ಮನುಷ್ಯ ಸಾಯಬಹುದು. ಗಾಳಿಗೆ ಎದುರಾಗಿ ಔಷಧಿ ಹೊಡೆದು ತಲೆಸುತ್ತಿ ಬಿದ್ದವರನ್ನು ಕಂಡ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮನೆಯ ಜಗಳಗಳಲ್ಲೂ ನಾವು ಇದೇ ವಿಷವನ್ನು ಕಂಡಿದ್ದೇವೆ. ಇಪ್ಪತ್ತು ವರ್ಷದ ಹಿಂದೆ ಆಡಿದ ಒಂದು ಮಾತು ಅಣ್ಣತಮ್ಮಂದಿರ ನಡುವೆ ತೆರವಾಗದೆ ನಿಂತುಬಿಟ್ಟರೆ, ಆಮೇಲೆ ಯಾವ ಹೊಸ ಮಾತೂ ದಾಟುವುದಿಲ್ಲ.

ರಸಾಯನಶಾಸ್ತ್ರದಲ್ಲೂ ವಸ್ತುವಿನ ಗುಣವನ್ನು ತೀರ್ಮಾನಿಸುವುದು ಕಣಗಳು ಮಾತ್ರವಲ್ಲ, ಅವುಗಳ ನಡುವಿನ ಅಂತರ ಕೂಡ. ಶಾಲೆಯ ಮಕ್ಕಳ ಪೆನ್ಸಿಲ್ಲಿನ ಕಡ್ಡಿಯಲ್ಲಿರುವ ಗ್ರಾಫೈಟೂ ಇಂಗಾಲ, ವಜ್ರವೂ ಇಂಗಾಲ. ವಜ್ರದಲ್ಲಿ ಪ್ರತಿ ಪರಮಾಣುವೂ ನಾಲ್ಕು ನೆರೆಯವರನ್ನು 0.154 ನ್ಯಾನೊಮೀಟರ್ ದೂರದಲ್ಲಿ ಬಿಗಿಯಾಗಿ ಹಿಡಿದಿರುತ್ತದೆ. ಗ್ರಾಫೈಟಿನಲ್ಲಿ ಒಂದೊಂದು ಪದರದೊಳಗೆ ಹಿಡಿತ ಇನ್ನೂ ಬಿಗಿ, 0.142. ಆದರೆ ಪದರಕ್ಕೂ ಪದರಕ್ಕೂ ನಡುವೆ 0.335 ನ್ಯಾನೊಮೀಟರಿನ ಬಿಡುವು. ಆ ಬಿಡುವಿನಿಂದಾಗಿ ಪದರಗಳು ಸುಲಭವಾಗಿ ಜಾರುತ್ತವೆ, ಜಾರಿ ಕಾಗದದ ಮೇಲೆ ಉಳಿಯುತ್ತವೆ. ವಜ್ರ ಗಾಜನ್ನು ಕೊಯ್ಯಬಲ್ಲದು, ಆದರೆ ಮಗುವಿನ ಕೈಯಲ್ಲಿ ಅ, ಆ ಬರೆಯಲಾರದು.

ಗುಂಡ್ಲುಪೇಟೆಯ ಹೊಲಗಳಿಗೆ ಬಂದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಓಣಂ ಹತ್ತಿರ ಬರುತ್ತಿದ್ದಂತೆ ಇಲ್ಲಿನ ಚೆಂಡುಹೂ ಗಡಿ ದಾಟಿ ಕೇರಳಕ್ಕೆ ಹೋಗುತ್ತದೆ. ಸಸಿಗೂ ಸಸಿಗೂ ನಡುವೆ ಜಾಗ ಬಿಡದೆ ನೆಟ್ಟರೆ ಗಿಡ ಉದ್ದಕ್ಕೆ ಬೆಳೆದೀತು, ಹೂ ಬಿಡುವುದು ಕಡಿಮೆ. ಮಣ್ಣಿನೊಳಗೂ ಹಾಗೆಯೇ. ಒಳ್ಳೆಯ ಮಣ್ಣಿನ ಗಾತ್ರದಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಮಣ್ಣೇ ಅಲ್ಲ, ಕಣಗಳ ನಡುವಿನ ತೂತುಗಳು. ಗಾಳಿ, ನೀರು, ಬೇರು ಹೋಗುವುದು ಅವುಗಳಲ್ಲೇ. ಭಾರದ ಟ್ರ್ಯಾಕ್ಟರು ಮತ್ತೆ ಮತ್ತೆ ಓಡಿ ಆ ತೂತುಗಳು ಅಮುಕಿಹೋದರೆ, ಮಣ್ಣು ಗಟ್ಟಿಯಾಗುತ್ತದೆ, ಹೊಲ ಕೆಡುತ್ತದೆ. ಖಾಲಾ ಕೇಳಿದ ‘ಗಟ್ಟಿ’ ಇದೇ ಗಟ್ಟಿ.

ಇನ್ನು ಮಾತು. ಕ್ರಿ.ಶ. ಐದನೆಯ ಶತಮಾನದ ಹಲ್ಮಿಡಿ ಶಾಸನವೇ ಮೊದಲಾಗಿ ನಮ್ಮ ಹಳೆಯ ಶಾಸನಗಳಲ್ಲಿ ಪದಕ್ಕೂ ಪದಕ್ಕೂ ನಡುವೆ ಇಂದಿನಂತೆ ಜಾಗ ಬಿಡುತ್ತಿರಲಿಲ್ಲ. ಅಕ್ಷರಗಳು ಒಂದೇ ಸಾಲಾಗಿ ಹರಿಯುತ್ತವೆ; ಎಲ್ಲಿ ಮುರಿಯಬೇಕೆಂಬುದನ್ನು ಓದುವವನೇ ನಿರ್ಧರಿಸಬೇಕು. ‘ಅವನಲ್ಲಿಲ್ಲ’ ಎಂಬ ಒಂದು ಪದವನ್ನು ತೆಗೆದುಕೊಳ್ಳಿ. ‘ಅವನು ಅಲ್ಲಿ ಇಲ್ಲ’ ಎಂದು ಬಿಡಿಸಿದರೆ ಒಬ್ಬ ಮನುಷ್ಯ ಸ್ಥಳದಲ್ಲಿಲ್ಲ ಎಂದಾಯಿತು. ‘ಅವನಲ್ಲಿ ಇಲ್ಲ’ ಎಂದು ಬಿಡಿಸಿದರೆ ದುಡ್ಡೋ, ದಯೆಯೋ ಅವನ ಬಳಿ ಇಲ್ಲ ಎಂದಾಯಿತು. ಅರ್ಥ ಇರುವುದು ಅಕ್ಷರದಲ್ಲೋ, ನಾವು ಬಿಟ್ಟ ಜಾಗದಲ್ಲೋ? ಮದರಸಾದಲ್ಲಿ ಅರಬಿ ಕಲಿಯುವ ಮಗುವಿಗೂ ಇದು ಗೊತ್ತು. ಅಲಿಫ್, ದಾಲ್, ಝಾಲ್, ರಾ, ಝಾ, ವಾವ್ ಈ ಆರು ಅಕ್ಷರಗಳು ತಮ್ಮ ಮುಂದಿನ ಅಕ್ಷರದ ಜೊತೆ ಕೈ ಜೋಡಿಸುವುದಿಲ್ಲ. ಪದದ ನಡುವೆಯೇ ಒಂದು ಬಿಡುವು ಬಿಡುತ್ತವೆ. ಆದರೂ ಪದ ಒಡೆಯುವುದಿಲ್ಲ. ಕುರ್‌ಆನ್ ಓದುವಾಗ ಎಲ್ಲಿ ನಿಲ್ಲಲೇಬೇಕು, ಎಲ್ಲಿ ನಿಲ್ಲಬಾರದು ಎಂದು ಹೇಳಲು ಸಾಲಿನ ಮೇಲೆ ಪುಟ್ಟ ಗುರುತುಗಳನ್ನು ಇಟ್ಟಿದ್ದಾರೆ. ತಪ್ಪು ಜಾಗದಲ್ಲಿ ನಿಂತರೆ ಅರ್ಥವೇ ತಿರುಗಿಬೀಳಬಹುದು ಎಂಬ ಎಚ್ಚರ ಅದು.

ಕನ್ನಡ ವ್ಯಾಕರಣ ಎರಡು ಪದಗಳು ಕೂಡುವುದಕ್ಕೆ ಮೂರು ದಾರಿ ಹೇಳುತ್ತದೆ. ಊರು, ಅಲ್ಲಿ ಸೇರಿ ‘ಊರಲ್ಲಿ’ ಆದಾಗ ಒಂದು ಸ್ವರ ಇಲ್ಲವಾಗುತ್ತದೆ; ಅದು ಲೋಪ. ಮಳೆ, ಕಾಲ ಸೇರಿ ‘ಮಳೆಗಾಲ’ ಆದಾಗ ಒಂದು ಅಕ್ಷರ ತನ್ನ ರೂಪ ಬದಲಿಸುತ್ತದೆ, ಅದು ಆದೇಶ. ಮನೆ, ಅಲ್ಲಿ ಸೇರಿ ‘ಮನೆಯಲ್ಲಿ’ ಆದಾಗ ಎರಡೂ ಪದಗಳು ತಮ್ಮದೇನನ್ನೂ ಕಳೆದುಕೊಳ್ಳುವುದಿಲ್ಲ. ನಡುವೆ ‘ಯ’ಕಾರ ಹೊಸದಾಗಿ ಬಂದು ಕೂರುತ್ತದೆ. ಅದು ಆಗಮ. ಮನುಷ್ಯರು ಕೂಡಿ ಬಾಳುವುದಕ್ಕೂ ಈ ಮೂರೇ ದಾರಿಗಳು ಇರುವಂತೆ ನಮಗೆ ತೋರುತ್ತದೆ. ಕೂಡಬೇಕಾದರೆ ಒಬ್ಬರು ಅಳಿಯಲೇಬೇಕು ಅಥವಾ ಬದಲಾಗಲೇಬೇಕು ಎನ್ನುವವರಿಗೆ ಮೂರನೆಯ ದಾರಿಯ ನೆನಪಿರುವುದಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪವನ್ನು ನಾವೇ ಎತ್ತಿಕೊಳ್ಳಬೇಕು. ಈ ನಾಡಿನಲ್ಲಿ ಅಂತರವನ್ನು ಹೊಗಳುವುದು ಅಪಾಯದ ಕೆಲಸ. ಸಾವಿರಾರು ವರ್ಷಗಳಿಂದ ಅಂತರದ ಹೆಸರಿನಲ್ಲೇ ಮನುಷ್ಯರನ್ನು ಊರ ಹೊರಗೆ ಇಟ್ಟಿದ್ದೇವೆ. ದೂರದ ಮಾತೂ ಬೇಡ. 2022ರ ನವೆಂಬರ್‌ನಲ್ಲಿ ಚಾಮರಾಜನಗರ ತಾಲ್ಲೂಕಿನ ಹೆಗ್ಗೋಠಾರ ಗ್ರಾಮದಲ್ಲಿ, ಮದುವೆಗೆಂದು ಬಂದಿದ್ದ ದಲಿತ ಮಹಿಳೆಯೊಬ್ಬರು ಬೀದಿಯ ತೊಂಬೆಯಿಂದ ನೀರು ಕುಡಿದರೆಂದು ತೊಂಬೆಯ ನೀರನ್ನೆಲ್ಲ ಹರಿಯಬಿಟ್ಟು ಗೋಮೂತ್ರದಿಂದ ತೊಳೆದರು. ಆ ಬೀದಿಗೂ ಆ ಮಹಿಳೆಗೂ ನಡುವೆ ಇದ್ದದ್ದೂ ಒಂದು ಅಂತರವೇ. 2020ರಲ್ಲಿ ಕೊರೊನಾ ಬಂದಾಗ ಸರಕಾರದ ಪ್ರಕಟಣೆಗಳಲ್ಲಿ ‘ಸಾಮಾಜಿಕ ಅಂತರ ಕಾಪಾಡಿ’ ಎಂದು ಬರೆದಾಗ, ಅದನ್ನು ‘ದೈಹಿಕ ಅಂತರ’ ಎನ್ನಿ ಎಂದು ಹಲವರು ಕೇಳಿಕೊಂಡರು. ಅವರ ಮಾತು ಸರಿಯಾಗಿತ್ತು. ಸಾಮಾಜಿಕ ಅಂತರವನ್ನು ನಮಗೆ ಯಾವ ಸರಕಾರವೂ ಹೊಸದಾಗಿ ಕಲಿಸಬೇಕಾಗಿರಲಿಲ್ಲ.

ಹಾಗಾದರೆ ಉಳಿಸಿಕೊಳ್ಳಬೇಕಾದ ಸಂದು ಯಾವುದು, ಮುಚ್ಚಬೇಕಾದ ಬಿರುಕು ಯಾವುದು? ಎಷ್ಟು ದೂರ ಎಂದು ಅಳೆದರೆ ಇದು ತಿಳಿಯುವುದಿಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: ಇದನ್ನು ಏನಾದರೂ ದಾಟುತ್ತದೆಯೇ? ನರದ ಸಂದನ್ನು ಸುದ್ದಿ ದಾಟುತ್ತದೆ. ಕೀಲಿನ ಸಂದನ್ನು ಭಾರ ದಾಟುತ್ತದೆ. ಮಣ್ಣಿನ ತೂತನ್ನು ನೀರು ದಾಟುತ್ತದೆ. ಹೆಗ್ಗೋಠಾರದ ಅಂತರವನ್ನು ಒಂದು ಗುಟುಕು ನೀರೂ ದಾಟಬಾರದಾಗಿತ್ತು. ದಾಟದಿರಲಿ ಎಂದೇ ಅದನ್ನು ಕಟ್ಟಿದ್ದು. ನಮಾಝಿನ ಸಾಲಿನಲ್ಲಿ ಭುಜಕ್ಕೆ ಭುಜ ಸೇರಿಸಿ, ನಡುವೆ ಜಾಗ ಬಿಡಬೇಡಿ ಎಂದು ಹೇಳುವುದನ್ನೂ ನಾವು ಹೀಗೆಯೇ ತಿಳಿಯುತ್ತೇವೆ. ಅಲ್ಲಿ ಬಿಟ್ಟ ಜಾಗಕ್ಕೆ ಬಂದು ಕೂರುವುದು ಹಣ, ಕುಲ, ಅಧಿಕಾರ. ಅಂಥ ಸಂದನ್ನು ಮುಚ್ಚಲೇಬೇಕು.

ದಾಟಬೇಕಾದದ್ದು ದಾಟದಿದ್ದರೆ ಏನಾಗುತ್ತದೆ ಎಂಬುದನ್ನು ನಮ್ಮ ಜಿಲ್ಲೆ ಮರೆಯುವಂತಿಲ್ಲ. ಮೈಸೂರಿಗೂ ಚಾಮರಾಜನಗರಕ್ಕೂ ಸುಮಾರು 60 ಕಿಲೋಮೀಟರು. 2021ರ ಮೇ 2ರ ರಾತ್ರಿ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ಮುಗಿಯುತ್ತ ಬಂದಾಗ ಸಿಲಿಂಡರುಗಳು ಈ ದೂರವನ್ನು ಹೊತ್ತಿಗೆ ಸರಿಯಾಗಿ ದಾಟಲಿಲ್ಲ. ಬೆಳಗಾಗಿ ಲೆಕ್ಕ ಹಾಕಿದಾಗ ಒಂದೇ ದಿನದಲ್ಲಿ ತೀರಿಕೊಂಡವರು 24 ಮಂದಿ. ಆಮೇಲೆ ಎರಡು ಜಿಲ್ಲೆಗಳ ಆಡಳಿತಗಳ ನಡುವೆ ಆಪಾದನೆಗಳು ಮಾತ್ರ ಬೇಗ ಬೇಗ ದಾಟಿದವು.

ಆದರೆ ಪ್ರಶ್ನೆ ಯಾವಾಗಲೂ ಇಷ್ಟು ಸುಲಭವಲ್ಲ. ಗುಂಡ್ಲುಪೇಟೆಯಿಂದ ಎರಡು ಹೆದ್ದಾರಿಗಳು ಬಂಡೀಪುರದ ಕಾಡನ್ನು ಹೊಗುತ್ತವೆ. ಒಂದು ಮದ್ದೂರು ಚೆಕ್‌ಪೋಸ್ಟ್ ದಾಟಿ ಸುಲ್ತಾನ್ ಬತ್ತೇರಿಗೆ, ಇನ್ನೊಂದು ಮೇಲುಕಾಮನಹಳ್ಳಿ ದಾಟಿ ಊಟಿಗೆ. 1973ರಲ್ಲಿ ಹುಲಿ ಯೋಜನೆಗೆ ಸೇರಿದ ಈ ಕಾಡು ನಾಗರಹೊಳೆ, ವಯನಾಡು, ಮುದುಮಲೈ ಕಾಡುಗಳ ನಡುವಿನ ಕೊಂಡಿ. ರಾತ್ರಿ ವಾಹನಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿವೆ ಎಂದು 2009ರ ಜೂನ್‌ನಲ್ಲಿ ಜಿಲ್ಲಾಡಳಿತ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧಿಸಿತು. 2010ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ತುರ್ತು ವಾಹನಗಳಿಗೆ ವಿನಾಯಿತಿ ಕೊಟ್ಟರು. ವಯನಾಡಿನವರಿಗೆ ಇದು ತಮ್ಮನ್ನು ಮೈಸೂರಿನಿಂದ ಕಡಿದುಹಾಕಿದಂತೆ ಕಂಡಿತು. ಹಗಲೂ ರಸ್ತೆ ಮುಚ್ಚಬಹುದೆಂಬ ಆತಂಕ ಹುಟ್ಟಿದಾಗ 2019ರಲ್ಲಿ ಸುಲ್ತಾನ್ ಬತ್ತೇರಿಯಲ್ಲಿ ಉಪವಾಸ ಸತ್ಯಾಗ್ರಹವೇ ನಡೆಯಿತು.

ಇಲ್ಲಿ ದಾಟಬೇಕಾದವರು ಇಬ್ಬರು. ತರಕಾರಿ ಲಾರಿಯೂ ದಾಟಬೇಕು, ಮರಿಯ ಜೊತೆಗಿರುವ ಆನೆಯೂ ದಾಟಬೇಕು. ಒಬ್ಬರಿಗೆ ಕಾಡು ಅಡ್ಡ, ಇನ್ನೊಬ್ಬರಿಗೆ ರಸ್ತೆ ಅಡ್ಡ. ಇಬ್ಬರ ಬೇಡಿಕೆಯೂ ಸುಳ್ಳಲ್ಲ. ಜಾಗವನ್ನು ಹಂಚಲಾಗದೆ ಹೊತ್ತನ್ನು ಹಂಚಿದರು. ಇಪ್ಪತ್ತನಾಲ್ಕು ಗಂಟೆಗಳಲ್ಲಿ ಒಂಬತ್ತು ಗಂಟೆಯ ಒಂದು ಸಂದು. ಇದು ಪೂರ್ತಿ ನ್ಯಾಯವೆಂದು ನಾವು ಹೇಳಲಾರೆವು. ಆದರೆ ಬಾಯಿಲ್ಲದ ಜೀವಕ್ಕೂ ದಾಟುವ ಹಕ್ಕಿದೆ ಎಂದು ಒಪ್ಪಿದ್ದು ಸಣ್ಣ ಸಂಗತಿಯಲ್ಲ. ಇದೇ ಜಿಲ್ಲೆಯ ಎಡೆಯಾರಹಳ್ಳಿ–ದೊಡ್ಡಸಂಪಿಗೆ ನಡುವಿನ ಆನೆ ಹಾದಿಗಾಗಿ ವನ್ಯಜೀವಿ ಸಂಸ್ಥೆಯೊಂದು ಸುಮಾರು 25 ಎಕರೆ ಖಾಸಗಿ ಜಮೀನನ್ನು ಹಣಕೊಟ್ಟು ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿತು. ಏನನ್ನೂ ಕಟ್ಟದೆ, ಏನನ್ನೂ ಬೆಳೆಯದೆ, ಸುಮ್ಮನೆ ಬಿಟ್ಟುಕೊಡುವುದಕ್ಕಾಗಿ ಭೂಮಿ ಕೊಂಡ ಇಂಥವರನ್ನು ನಾವು ಹೆಚ್ಚು ಕಂಡಿಲ್ಲ.

ಕೊನೆಯದಾಗಿ, ಈ ಬರಹದ ಉದ್ದಕ್ಕೂ ನಾವು ಬಳಸುತ್ತ ಬಂದ ‘ನಾವು’ ಎಂಬ ಪದವನ್ನೇ ನೋಡೋಣ. ಗುಂಡ್ಲುಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ನಿಂತರೆ ಕನ್ನಡ, ತಮಿಳು, ಮಲಯಾಳ, ಉರ್ದು ನಾಲ್ಕೂ ಕಿವಿಗೆ ಬೀಳುತ್ತವೆ. ತಮಿಳಿನವರಿಗೆ ‘ನಾಮ್’ ಬೇರೆ, ‘ನಾಂಗಳ್’ ಬೇರೆ; ಮಲಯಾಳದಲ್ಲಿ ‘ನಮ್ಮಳ್’ ಬೇರೆ, ‘ಞಙ್ಙಳ್’ ಬೇರೆ. ಮೊದಲನೆಯದರಲ್ಲಿ ಕೇಳುವವನೂ ಸೇರಿದ್ದಾನೆ, ಎರಡನೆಯದರಲ್ಲಿ ಇಲ್ಲ. ನಮ್ಮ ದಿನಬಳಕೆಯ ಕನ್ನಡದಲ್ಲಿ ಎರಡಕ್ಕೂ ‘ನಾವು’ ಒಂದೇ. ಉರ್ದುವಿನ ‘ಹಮ್’ ಕೂಡ ಹಾಗೆಯೇ. ಅಂದರೆ ನಾನು ‘ನಾವು’ ಎಂದಾಗಲೆಲ್ಲ ನೀವು ಅದರ ಒಳಗೋ ಹೊರಗೋ ಎಂಬ ಜಾಗ ಖಾಲಿಯಾಗಿಯೇ ಉಳಿದಿರುತ್ತದೆ. ಆ ಜಾಗವನ್ನು ಈಚಿನ ವರ್ಷಗಳಲ್ಲಿ ಭಾಷಣಕಾರರು ಬಂದು ತುಂಬುತ್ತಿದ್ದಾರೆ. ‘ನಾವು’ ಎಂದೊಡನೆ ‘ಅವರು’ ಯಾರೆಂದು ಕೇಳುವುದು ಅಭ್ಯಾಸವಾಗಿದೆ. ಆ ದೋಷ ಎಲ್ಲ ಕಡೆಯೂ ಇದೆ, ನಮ್ಮ ಕಡೆಯೂ ಇದೆ. ಎದುರಿಗೆ ನಿಂತವನು ಒಳಗಿದ್ದಾನೆಂದೇ ತಿಳಿದು ಮಾತಾಡುವುದಕ್ಕೆ ಕನ್ನಡ ಅಡ್ಡಿ ಮಾಡುವುದಿಲ್ಲ. ಹಾಗೆ ಮಾತಾಡುತ್ತೇವೋ ಇಲ್ಲವೋ ಎಂಬುದನ್ನು ಅದು ನಮಗೇ ಬಿಟ್ಟಿದೆ.

ಖಾಲಾ ಅವರ ಮನೆಗೂ ಪಕ್ಕದ ಮನೆಗೂ ನಡುವೆ ಒಬ್ಬರು ನುಸುಳುವಷ್ಟು ಅಗಲದ ಒಂದು ಸಂದಿ ಇದೆ. ನಲವತ್ತು ವರ್ಷಗಳಿಂದ ಅದರಲ್ಲೇ ಈದ್‌ನ ಶೀರ್‌ ಖುರ್ಮಾ ಆಚೆಗೆ, ಯುಗಾದಿಯ ಒಬ್ಬಟ್ಟು ಈಚೆಗೆ ದಾಟಿವೆ. ಒಂದು ಹೆರಿಗೆಯ ರಾತ್ರಿ ಆ ಮನೆಯ ಅಜ್ಜಿ ಈ ಮನೆಗೆ ಓಡಿ ಬಂದದ್ದೂ ಅದರಲ್ಲೇ. ಈಗ ಎರಡೂ ಮನೆಯ ಹುಡುಗರು ಆ ಸಂದಿಯ ಎರಡೂ ತುದಿಗೆ ಗೋಡೆ ಕಟ್ಟಿಸುವ ಮಾತಾಡುತ್ತಿದ್ದಾರೆ. ಜಗಳವೇನೂ ಆಗಿಲ್ಲ; ಸುಮ್ಮನೆ, ಯಾಕೆ ಬೇಕು ಎಂದು.

ಡಾಕ್ಟರು ಅಂದು ಕೊನೆಯಲ್ಲಿ ಇನ್ನೊಂದು ಮಾತು ಹೇಳಿದ್ದರು. ಮೃದ್ವಸ್ಥಿಗೆ ರಕ್ತನಾಳವಿಲ್ಲ. ಕೀಲು ಆಡಿದಾಗ ದ್ರವ ಒತ್ತಿ ಒಳಗೆ ಹೋಗಿ ಹೊರಗೆ ಬರಬೇಕು. ಅದೇ ಅದರ ಊಟ. “ನೋವಾಗುತ್ತೆ ಅಂತ ಕೂತುಬಿಡಬೇಡಿ ಅಮ್ಮಾ. ಆಗುವಷ್ಟು ನಡೀರಿ. ಇರೋ ಸಂದನ್ನು ಉಳಿಸಿಕೊಳ್ಳೋಕೆ ಅದೊಂದೇ ದಾರಿ.” ಖಾಲಾ ಈಗ ದಿನಾ ಬೆಳಿಗ್ಗೆ ಗೋಡೆ ಹಿಡಿದುಕೊಂಡು ಆ ಸಂದಿಯಲ್ಲೇ ನಡೆಯುತ್ತಾರೆ. ಆಚೆ ತುದಿಗೆ ಹೋಗಿ, ಪಕ್ಕದ ಮನೆಯ ಅಜ್ಜಿಯ ಜೊತೆ ಎರಡು ಮಾತಾಡಿ, ಹಿಂದಕ್ಕೆ ಬರುತ್ತಾರೆ.